ಚಾಸಿಯಲ್ಲಿ ಬಿರುಕು

ಹಳೇ ಬೈಕಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಶೋರೂಮಿನಲ್ಲಿ ಎಲ್ಲರೂ ನನ್ನನ್ನು ಡಾಕ್ಟರ್ ಎನ್ನುತ್ತಾರೆ. ಇಲ್ಲದ ರೋಗ ಹುಡುಕುವ ಡಾಕ್ಟರ್ ಎಂದು ಬೆನ್ನ ಹಿಂದೆ ಸೇರಿಸುವುದೂ ಉಂಟು. ಕೇಳಿಸಿದರೂ ನಾನು ಜಗಳಕ್ಕೆ ಹೋಗುವುದಿಲ್ಲ, ಅದರಲ್ಲಿ ಸುಳ್ಳೇನಿದೆ?

ಹೊಸ ಬೈಕ್ ಮಾರಿದರೆ ಡೀಲರಿಗೆ ಭಾರೀ ಲಾಭ ಎಂದು ಜನ ತಿಳಿದಿದ್ದಾರೆ. ಹೊಸದಕ್ಕೆ ಬೆಲೆ ಕಟ್ಟುವುದು ಕಂಪನಿ. ಅದರಲ್ಲಿ ನಮಗೆ ಸಿಗುವುದು ನೀರುಮಜ್ಜಿಗೆ. ಇನ್ಶೂರೆನ್ಸು, ಸಾಲದ ಕಮಿಷನ್ನು, ಸೀಟ್ ಕವರು ಅಂತ ಇನ್ನೊಂದಿಷ್ಟು. ಬೆಣ್ಣೆ ಇರುವುದು ಗಿರಾಕಿ ಎಕ್ಸ್‌ಚೇಂಜಿಗೆ ತರುವ ಹಳೇ ಗಾಡಿಯಲ್ಲಿ. ಮೂವತ್ತು ಸಾವಿರ ಬಾಳುವುದನ್ನು ಹದಿನೆಂಟಕ್ಕೆ ತೆಗೆದುಕೊಂಡು, ತೊಳೆದು, ಬಣ್ಣ ಹೊಡೆದು, ಮೂವತ್ತೈದಕ್ಕೆ ಮಾರುತ್ತೇವೆ. ಹದಿನೆಂಟಕ್ಕೆ ಇಳಿಸುವವನು ನಾನು.

ಟೈರು ಸವೆದಿದೆ, ಎಂಜಿನ್ ಕೆಮ್ಮುತ್ತಿದೆ ಎಂದರೆ ಗಿರಾಕಿ ವಾದಕ್ಕೆ ನಿಲ್ಲುತ್ತಾನೆ. ಆದ್ದರಿಂದ ನನ್ನ ಬ್ರಹ್ಮಾಸ್ತ್ರವೇ ಬೇರೆ. ಗಾಡಿಯ ಬೆನ್ನೆಲುಬಾದ ಚಾಸಿಗೆ, ಹ್ಯಾಂಡಲ್ ಕೂರುವ ಕುತ್ತಿಗೆಯ ಕೆಳಗೆ, ಟಾರ್ಚ್ ಬಿಡುತ್ತೇನೆ. ಎರಡು ನಿಮಿಷ ಮಾತಾಡುವುದಿಲ್ಲ. ಆಮೇಲೆ ನಿಟ್ಟುಸಿರು ಬಿಟ್ಟು, "ಚಾಸಿಲಿ ಬಿರುಕಿದೆ. ಹಿಂದೆ ಯಾರನ್ನ ಕೂರಿಸ್ತೀರಿ?" ಎನ್ನುತ್ತೇನೆ. ಹೆಂಡತಿ ಎನ್ನುತ್ತಾನೆ, ಮಗಳು ಎನ್ನುತ್ತಾನೆ. ಅಲ್ಲಿಂದ ಮುಂದೆ ಚೌಕಾಸಿ ಇರುವುದಿಲ್ಲ.

ಹೋದ ವಾರ ಹಾಲು ಹಾಕುವವನೊಬ್ಬ ಕಪ್ಪು ಬೈಕ್ ತಂದ. ಅಭ್ಯಾಸದಂತೆ ಟಾರ್ಚ್ ಬಿಟ್ಟೆ. ಬಿರುಕು ನಿಜವಾಗಿಯೂ ಇತ್ತು! ಕ್ಯಾನುಗಳ ಭಾರಕ್ಕೆ ಕಬ್ಬಿಣ ಅರ್ಧ ಸುತ್ತು ಬಿರಿದಿತ್ತು, ಉಗುರಿಗೆ ಸಿಗುತ್ತಿತ್ತು. "ಬಿರುಕಿದೆ" ಎಂದು ಎಲ್ಲರೆದುರಿಗೇ ಹೇಳಿದೆ. ಸಾಹುಕಾರರು, ಅಂದರೆ ಶೋರೂಮಿನ ಯಜಮಾನರು, ನಗು ತಡೆಯಲು ಬಾಯಿಗೆ ಕೈ ಇಟ್ಟುಕೊಂಡರು. ಇದೂ ನನ್ನ ಮಾಮೂಲಿ ಸುಳ್ಳೆಂದು ಅವರು ತಿಳಿದದ್ದು ಆಗಲೇ ನನಗೆ ಹೊಳೆಯಬೇಕಿತ್ತು. ಮಾರಬೇಡಿ ಎಂದು ಗಾಡಿಗೆ ಒಂದು ಚೀಟಿಯನ್ನೂ ಅಂಟಿಸಲಿಲ್ಲ. ಅಕ್ಕನ ಕಣ್ಣಿನ ಆಪರೇಷನ್ ಇತ್ತು, ರಜೆ ಹಾಕಿ ಹೊರಟುಹೋದೆ.

ಇವತ್ತು ಬೆಳಿಗ್ಗೆ ಬಂದು ನೋಡಿದರೆ ಆ ಗಾಡಿ ನಿಂತಿದ್ದ ಜಾಗ ಖಾಲಿ.

"ಕಪ್ಪು ಗಾಡಿ ಎಲ್ಲಿ?" ಎಂದು ಸೇಲ್ಸ್‌ಮನ್ನನ್ನು ಕೇಳಿದೆ.

"ಬಣ್ಣ ಹೊಡೆಸಿದ್ವಲ್ಲ, ಮದುಮಗನ ಥರ ಆಗಿತ್ತು. ಈಗಷ್ಟೇ ಒಬ್ಬ ಟೈಲರು ಟ್ರಯಲ್‌ಗೆ ತಗೊಂಡು ಹೋದ. ಹಿಂದೆ ಮಗಳು. ಸೇತುವೆ ತನಕ ಹೋಗಿ ಬರ್ತಾರೆ."

"ಅಯ್ಯೋ, ಅದರ ಚಾಸಿ ಬಿರುಕು ಬಿಟ್ಟಿದೆ ಕಣೋ!"

ಅವನು ಬಿದ್ದು ಬಿದ್ದು ನಕ್ಕ. "ಡಾಕ್ಟ್ರೇ, ರಜೆ ಮುಗಿಸಿ ಬಂದು ಮರೆತ್ರಾ? ಅದು ಕೊಳ್ಳುವಾಗ ಹೇಳೋ ಮಾತು. ಈಗ ಮಾರ್ತಿದ್ದೀವಿ."

ಸಾಹುಕಾರರ ಕೋಣೆಗೆ ನುಗ್ಗಿದೆ. ಅವರು ತಲೆಯನ್ನೂ ಎತ್ತಲಿಲ್ಲ. "ಎಂಟು ವರ್ಷದಲ್ಲಿ ಬಿರುಕಿಲ್ಲದ ಗಾಡಿ ಒಂದಾದ್ರೂ ನೋಡಿದ್ದೀಯೇನಯ್ಯಾ? ಹೋಗು, ಕಾಫಿ ಕುಡಿ."

ನನಗೆ ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ನಾಲಗೆಯ ಮೇಲೆ ಬಂದ ಸಿಟ್ಟು ದೊಡ್ಡದು. ಟ್ರಯಲ್ ಪುಸ್ತಕದಲ್ಲಿದ್ದ ಟೈಲರನ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬಾಗಿಲ ಬಳಿಯಿದ್ದ ಡೆಮೊ ಬೈಕ್ ಹತ್ತಿ ಹೊರಟೆ. ಸೇತುವೆಗೆ ಹೋಗುವ ದಾರಿ ಕಡಿದಾದ ಇಳಿಜಾರು, ಕೆಳಗೆ ಸಾಲಾಗಿ ಮೂರು ಹಂಪು. ಇಳಿಜಾರಿನ ವೇಗದಲ್ಲಿ ಹಂಪು ಹಾರಿದರೆ ಕುತ್ತಿಗೆ ಕಳಚಿ ಮುಂದಿನ ಚಕ್ರವೇ ಬೇರೆಯಾಗುತ್ತದೆ. ಆ ಗಾಡಿಯ ಮೇಲೆ ಒಬ್ಬ ಹುಡುಗಿ ಕೂತಿದ್ದಾಳೆ. ದೇವರೇ, ಯಾರಾದರೂ ನಿಧಾನವಾಗಿ ಗಾಡಿ ಓಡಿಸಲಿ ಎಂದು ನಾನು ಯಾವತ್ತೂ ಇಷ್ಟೊಂದು ಬೇಡಿಕೊಂಡವನಲ್ಲ.

ಇಳಿಜಾರಿನ ತಲೆಯಲ್ಲೇ ಸಿಕ್ಕರು. ಟೈಲರು ಗಾಡಿ ನಿಲ್ಲಿಸಿ ಮಗಳ ಹೆಲ್ಮೆಟಿನ ಪಟ್ಟಿ ಬಿಗಿಯುತ್ತಿದ್ದ. ನಾನು ಅಡ್ಡ ನಿಂತೆ.

"ಇಳೀರಿ! ಚಾಸಿಲಿ ಬಿರುಕಿದೆ!"

ಅವನು ನನ್ನ ಮುಖವನ್ನೇ ನೋಡಿದ. ನನಗೂ ಗುರುತು ಸಿಕ್ಕಿತು. ಹೋದ ವರ್ಷ ಹಳೇ ಬೈಕ್ ಕೊಟ್ಟು ಹೆಂಡತಿಗೆ ಸ್ಕೂಟರ್ ಕೊಂಡವನು.

"ನೀವಾ?" ಎಂದ. "ನಮ್ಮಪ್ಪನ ಗಾಡಿಗೂ ಇದನ್ನೇ ಹೇಳಿದ್ರಿ. ಹಿಂದೆ ಯಾರು ಕೂರ್ತಾರೆ ಅಂದ್ರಿ. ಇವಳು ಅಂದೆ. ಹೆದರಿ ಅರ್ಧ ಬೆಲೆಗೆ ಬಿಟ್ಟು ಬಂದೆ. ಆ ಗಾಡಿ ಇವತ್ತಿಗೂ ಮಾರ್ಕೆಟ್ಟಲ್ಲಿ ಓಡ್ತಾ ಇದೆ, ದಿನಾ ನೋಡ್ತೀನಿ. ಈಗ ಇದಕ್ಕೆ ಜಾಸ್ತಿ ಕೊಡೋರು ಯಾರೋ ಸಿಕ್ಕಿರ್ಬೇಕು, ನನ್ನನ್ನ ಓಡಿಸೋಕೆ ಬಂದಿದ್ದೀರಿ. ದಾರಿ ಬಿಡಿ."

ಕೀಲಿ ತಿರುಗಿಸಿದ. ಎಂಜಿನ್ ಗುರುಗುಟ್ಟಿತು. ಹುಡುಗಿ ಅಪ್ಪನ ಸೊಂಟ ಹಿಡಿದುಕೊಂಡಳು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಆದರೆ ಮಾಡಿದ್ದು ನಾನು, ಉಣ್ಣಲು ಹೊರಟಿದ್ದು ಆ ಮಗು. ನಾನು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದೆ.

"ನಿಮ್ಮಪ್ಪನ ಗಾಡೀಲಿ ಏನೂ ಇರಲಿಲ್ಲ," ಎಂದೆ. "ಸುಳ್ಳು ಹೇಳಿದ್ದೆ. ಹನ್ನೆರಡು ಸಾವಿರ ಹೊಡೆದ್ವಿ. ಬೇಕಾದ್ರೆ ಹೊಡೀರಿ ನನ್ನನ್ನ. ಆದರೆ ಇದರಲ್ಲಿದೆ. ನೀವೇ ನೋಡಿ, ನನ್ನ ಮಾತು ನಂಬಬೇಡಿ."

ಅವನು ಎಂಜಿನ್ ಆರಿಸಿದ. ಮಗಳನ್ನು ಇಳಿಸಿ ರಸ್ತೆಯ ಅಂಚಿಗೆ ಕಳಿಸಿದ. ನಾನು ಕೀಲಿಯಿಂದ ಕುತ್ತಿಗೆಯ ಬಣ್ಣ ಕೆರೆದೆ. ಅವನು ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಬಗ್ಗಿ, ಅಲ್ಲಿ ಇಟ್ಟು ನೋಡಿದ. ಸೂಜಿ ಬಟ್ಟೆಗೆ ಇಳಿದಂತೆ ಒಳಗೆ ಇಳಿಯಿತು.

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಮಗಳ ಕಡೆ ನೋಡಿದ, ಕೆಳಗಿನ ಹಂಪುಗಳ ಕಡೆ ನೋಡಿದ, ಸೂಜಿಯನ್ನು ಕಾಲರಿಗೆ ಸಿಕ್ಕಿಸಲು ಹೋಗಿ ಎರಡು ಸಲ ತಪ್ಪಿದ. ನನಗೆ ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು.

"ನಂಗೆ ಹೇಳಿದ್ದನ್ನ ಶೋರೂಮಿಗೆ ಬಂದು ಹೇಳ್ತೀರಾ?" ಎಂದು ಕೊನೆಗೆ ಕೇಳಿದ.

ಡೆಮೊ ಬೈಕಿಗೆ ಬೀಗ ಹಾಕಿ ಅಲ್ಲೇ ಬಿಟ್ಟು, ಕಪ್ಪು ಗಾಡಿಯನ್ನು ತಳ್ಳಿಕೊಂಡೇ ಹೊರಟೆವು. ಹ್ಯಾಂಡಲ್ ಅವನು ಹಿಡಿದಿದ್ದ, ಹಿಂದೆ ನಾನು. ಹುಡುಗಿ ಪಕ್ಕದಲ್ಲಿ ನಡೆಯುತ್ತಿದ್ದಳು.

ಶೋರೂಮಿನ ಅಂಗಳದಲ್ಲಿ ಗಂಡಹೆಂಡತಿ ಇಬ್ಬರು ಹಳೇ ಬೈಕ್ ನಿಲ್ಲಿಸಿಕೊಂಡು ನನಗಾಗಿಯೇ ಕಾಯುತ್ತಿದ್ದರು. ಸಾಹುಕಾರರು ಟೈಲರನ್ನು ನೋಡಲಿಲ್ಲ. ಟಾರ್ಚನ್ನು ನನ್ನ ಕೈಗಿಟ್ಟು, "ಬಾ ಡಾಕ್ಟ್ರೇ, ಇವರ ಗಾಡಿ ಸ್ವಲ್ಪ ನೋಡು," ಎಂದು ಕಣ್ಣು ಮಿಟುಕಿಸಿದರು.

ಟೈಲರು ನನ್ನನ್ನೇ ನೋಡುತ್ತಿದ್ದ. ಟಾರ್ಚ್ ಬಿಟ್ಟೆ. ಎರಡು ನಿಮಿಷ ನೋಡಿದೆ. ಆ ಹೆಂಗಸು ಗಂಡನ ತೋಳು ಹಿಡಿದುಕೊಂಡಳು.

"ಚಾಸಿ ಗಟ್ಟಿಯಾಗಿದೆ," ಎಂದೆ. "ಮೂವತ್ತು ಸಾವಿರಕ್ಕಿಂತ ಕಡಿಮೆಗೆ ಕೊಡಬೇಡಿ."

ತೀರಾ ಮೆಲ್ಲಗೆ ಹೇಳಿದ್ದೆ, ಯಾರಿಗೂ ಕೇಳಿಸಿರಲಿಲ್ಲ. ಎಂಟು ವರ್ಷದಲ್ಲಿ ಒಮ್ಮೆಯೂ ಆಡದ ಮಾತು. ಟಾರ್ಚ್ ಆರಿಸಿ, ಸಾಹುಕಾರರಿಗೂ ಕೇಳುವಂತೆ ಇನ್ನೊಂದು ಸಲ ಹೇಳಿದೆ.