ಪೇಡೆಗೆ ಹೊಂದುವ ವೈನ್

ಹೋದ ದೀಪಾವಳಿಯ ಊಟದಲ್ಲಿ ರಜನಿ ಗುಲಾಬ್ ಜಾಮೂನಿನ ಜೊತೆ ತಪ್ಪು ವೈನ್ ಇಟ್ಟಿದ್ದಳು. ಅದಕ್ಕಾಗಿ ಗಂಡ ಬಸವಕಿರಣ ಅವಳ ಎಡಗೈಯ ಕಿರುಬೆರಳು ಮುರಿದ.

ಸಿಟ್ಟಿನ ಭರದಲ್ಲಿ ಮುರಿದದ್ದಲ್ಲ. ಬಂದವರನ್ನು ಗೇಟಿನವರೆಗೂ ಕಳಿಸಿಕೊಟ್ಟು, ನಗುತ್ತ ಕೈ ಬೀಸಿ, ಒಳಗೆ ಬಂದು ಬಾಗಿಲು ಹಾಕಿಕೊಂಡು, ಆಮೇಲೆ ಮುರಿದ. ಬೀಜದ ಕಂಪನಿಯೊಂದರ ಹುಬ್ಬಳ್ಳಿ ಏಜೆನ್ಸಿ ಅವನದು. ಕಂಪನಿಯ ಮ್ಯಾನೇಜರ್ ಸೌರಭ ಅವತ್ತು ಒಂದು ಗುಟುಕು ಕುಡಿದು, ಮುಖ ಕಿವುಚಿ, "ವೈನಿ, ಇದು ಹುಣಸಿಹಣ್ಣಿನ ಸಾರು ಆಗೇದಲ್ರಿ!" ಎಂದಿದ್ದ. ಸೌರಭ ಧಾರವಾಡದವನು. ಪರಿಚಯದವರ ಹೆಂಡಂದಿರನ್ನೆಲ್ಲ, ಅಣ್ಣನ ಹೆಂಡತಿಯನ್ನು ಕರೆದಂತೆ, ವೈನಿ ಎಂದೇ ಕರೆಯುತ್ತಿದ್ದ. ಎಲ್ಲರೂ ನಕ್ಕಿದ್ದರು. ರಜನಿಯೂ ನಕ್ಕಿದ್ದಳು.

"ಅವರ ಮುಂದ ನನ್ನ ಮಾರಿ ಏನಾತು, ಗೊತ್ತೈತೇನ ನಿನಗ?" ಎನ್ನುತ್ತ ಬಸವಕಿರಣ ಅವಳ ಬೆರಳನ್ನು ಹಿಂದಕ್ಕೆ ಬಗ್ಗಿಸುತ್ತ ಹೋದ. ಕಡ್ಡಿ ಮುರಿದಂಥ ಸಪ್ಪಳವಾಯಿತು. ಆಸ್ಪತ್ರೆಯಲ್ಲಿ ಅವಳು, ಬಾಗಿಲ ಸಂದಿಗೆ ಸಿಕ್ಕಿತು ಎಂದಳು.

ಮದುವೆಗೆ ಮೊದಲು ರಜನಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು. ಮದುವೆಯಾದ ಮೇಲೆ ಕಲಿತದ್ದು ಬೇರೆ. ಗಂಡ ಶೂ ಕಳಚುವ ಸಪ್ಪಳದಿಂದಲೇ ಅವತ್ತಿನ ಸಂಜೆ ಹೇಗಿರುತ್ತದೆಂದು ತಿಳಿಯುವುದು, ಬಿದ್ದ ಪೆಟ್ಟು ಕಾಣದಂತೆ ಸೆರಗು ಹೊದೆಯುವುದು. ಹೊಡೆತಕ್ಕೆ ಕಾರಣ ಯಾವಾಗಲೂ ತನ್ನ ತಪ್ಪೇ ಎಂದು ಅವಳೂ ಅರ್ಧ ನಂಬಿದ್ದಳು. ತಪ್ಪು ಮಾಡದಿದ್ದರೆ ಹೊಡೆಯುವುದಿಲ್ಲ ಎಂಬ ಲೆಕ್ಕ.

ಹಾಗಾಗಿ ಡಿಸೆಂಬರಿನಲ್ಲಿ, "ಕ್ರಿಸ್‌ಮಸ್ ಸೂಟಿಗೆ ಸಾಹೇಬ್ರು ಮತ್ತ ಊಟಕ್ಕ ಬರ್ತಾರ. ಹೋಳಿಗಿ, ಪೇಡೆ ಎರಡೂ ಇರಲಿ. ಆಮ್ಯಾಲ ಸಿಹಿ ವೈನ್. ಈ ಸಲ ಏನರ ತಪ್ಪಿದ್ರ ನೋಡು ಮತ್ತ" ಎಂದು ಅವನು ಹೇಳಿದಾಗ, ರಜನಿ ಪರೀಕ್ಷೆಗೆ ಕೂತವಳಂತೆ ಓದಲು ಕೂತಳು.

ಮೊದಲು ತಿಳಿದದ್ದು ತನ್ನ ದೀಪಾವಳಿಯ ತಪ್ಪು. ಸಿಹಿತಿಂಡಿಗಿಂತ ವೈನ್ ಹೆಚ್ಚು ಸಿಹಿ ಇರಬೇಕು. ಇಲ್ಲದಿದ್ದರೆ ಎಂಥ ದುಬಾರಿ ವೈನೂ ನಾಲಿಗೆಗೆ ಹುಳಿ ಹುಳಿ ಹತ್ತುತ್ತದೆ. ಬಳ್ಳಿಯಲ್ಲೇ ಬಿಟ್ಟು, ಬಾಡಿದ ಮೇಲೆ ತಡವಾಗಿ ಕೊಯ್ದ ದ್ರಾಕ್ಷಿಯಿಂದ ಜೇನಿನಂಥ ಬಿಳಿ ವೈನ್ ಮಾಡುತ್ತಾರೆ. ಬ್ರಾಂಡಿ ಬೆರೆಸಿ ಹುಳಿಯುವುದನ್ನು ಅರ್ಧಕ್ಕೇ ನಿಲ್ಲಿಸಿ, ಸಿಹಿ ಉಳಿಸಿಕೊಂಡ ಕೆಂಪು ಪೋರ್ಟ್ ಇನ್ನೊಂದು. ವಿದ್ಯಾನಗರದ ತಮ್ಮ ಮನೆಯಿಂದ ದೂರದ ಅಂಗಡಿಗೆ ಹೋಗಿ, ಕೌಂಟರಿನಲ್ಲಿದ್ದ ಗಂಡಸರು ತಿರುತಿರುಗಿ ನೋಡಿದರೂ ಲೆಕ್ಕಿಸದೆ, ಎರಡನ್ನೂ ತಂದಳು.

ಊಟದ ದಿನ ಬೆಳಿಗ್ಗೆ ಗಂಡ ಹೊರಗೆ ಹೋದಾಗ, ಅಡಿಗೆಮನೆಯಲ್ಲಿ ನಿಂತು ಚೂರು ಪೇಡೆ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಬಿಳಿ ವೈನ್ ಬಾಯಿಗೆ ತೆಗೆದುಕೊಂಡಳು. ಪೇಡೆಯ ಹುರಿದ ಹಾಲಿನ ಘಮದ ಮುಂದೆ ಅದು ನೀರಾಗಿಹೋಯಿತು. ಉಗುಳಿ, ಬಾಯಿ ತೊಳೆದು, ಗ್ಲಾಸಿಗೆ ಪೋರ್ಟ್ ಹಾಕಿ ರುಚಿ ನೋಡಿದಳು.

"ಏನ್ ಕುಡ್ಯಾಕತ್ತೀ?"

ಬೆಚ್ಚಿ ತಿರುಗಿದರೆ ಬಾಗಿಲಲ್ಲಿ ಅತ್ತೆ ಚನ್ನಬಸವ್ವ. ಆಗಷ್ಟೇ ಪೂಜೆ ಮುಗಿಸಿ ಬಂದಿದ್ದಳು, ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಎಪ್ಪತ್ತು ದಾಟಿದ ಆಕೆ ಮನೆಯೊಳಗೆ ಬಾಟಲಿ ಬಂದಾಗಿನಿಂದ ಮಗನ ಎದುರಿಗೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಳು.

"ಕುಡ್ಯಾಕತ್ತಿಲ್ರಿ ಅತ್ತಿ. ಪೇಡೆಕ್ಕ ಯಾವುದು ಹೊಂದತೈತಿ ಅಂತ ರುಚಿ ನೋಡಾಕತ್ತೇನಿ."

"ಹೊಂದಲಿಲ್ಲಂದ್ರ?"

ಚನ್ನಬಸವ್ವನ ಕಣ್ಣು ಸೊಸೆಯ ಸೊಟ್ಟ ಬೆರಳಿನ ಮೇಲೆ ನಿಂತಿತು.

"ಅದು ಬಾಗಲಾ ಬಡದು ಮುರದದ್ದಲ್ಲ. ನನಗ ಗೊತ್ತೈತಿ," ಎಂದಳು. "ನಿಮ್ಮ ಮಾವನೂ ಹಿಂಗ. ಅಳ್ಳಿ ಅಂಗಡ್ಯಾಗ ಹತ್ತಿ ದರ ಬಿತ್ತಂದ್ರ ಮನ್ಯಾಗ ನನ್ನ ಮ್ಯಾಲ ಬೆಲ್ಟ್ ಏಳತಿತ್ತು. ಕಿರಣ ಸಣ್ಣಾಂವ, ಬಾಗಲದಾಗ ನಿಂತು ನೋಡತಿದ್ದ. ನಾ ಬಾಯಿ ಬಿಡಲಿಲ್ಲ. ಹಂಗ ಕಲ್ತಾನ."

ಗ್ಲಾಸನ್ನು ಇಸಿದುಕೊಂಡು ಮೂಸಿ ನೋಡಿ, "ಒಣದ್ರಾಕ್ಷಿ ವಾಸನಿ ಬರತೈತಿ. ಇದನ್ನ ಇಡು," ಎಂದು ಹೇಳಿ ಹೊರಟುಹೋದಳು.

ಮಧ್ಯಾಹ್ನ ಸೌರಭ ಮತ್ತು ಕಂಪನಿಯ ಮೂವರು ಬಂದರು. ಊಟ ಸಾಂಗವಾಗಿ ನಡೆಯಿತು. ಹೋಳಿಗೆಯ ಜೊತೆ ಚೆನ್ನಾಗಿ ತಣಿಸಿದ ಬಿಳಿ ವೈನ್, ಪೇಡೆಯ ಜೊತೆ ಸಣ್ಣ ಗ್ಲಾಸುಗಳಲ್ಲಿ ಪೋರ್ಟ್. ಸೌರಭ ಒಂದು ಗುಟುಕು ಕುಡಿದ, ಪೇಡೆ ಕಚ್ಚಿದ, ಮತ್ತೆ ಕುಡಿದ. ಕಣ್ಣು ಅರಳಿದವು.

"ಭಾರಿ ಅದ! ಯಾರು ಆರಿಸ್ಯಾರ?"

"ನಾನ ರೀ ಸಾಹೇಬ್ರ," ಎಂದ ಬಸವಕಿರಣ.

"ಹೌದ? ಮತ್ತ ಹೋಳಿಗಿಗೆ ಬ್ಯಾರೆ, ಪೇಡೆಕ್ಕ ಬ್ಯಾರೆ ಯಾಕ ಕೊಟ್ರಿ?"

ಬಸವಕಿರಣ ಗ್ಲಾಸನ್ನು ತಿರುಗಿಸಿದ. "ಅದು... ಬಣ್ಣ ನೋಡ್ರಿ, ಪೇಡೆ ಸ್ವಲ್ಪ ಕೆಂಪಗಿರತೈತಿ..." ಎಂದು ತಡವರಿಸಿದ. ಒಬ್ಬ ಕಿಸಕ್ಕೆಂದ. ಗಂಡನ ಮಾನ ಉಳಿಸಬೇಕೆಂದು ರಜನಿ ಅವಸರದಲ್ಲಿ ನಡುವೆ ಬಾಯಿ ಹಾಕಿದಳು. "ಪೇಡೆದಾಗ ಹಾಲು, ಸಕ್ಕರಿ ಎರಡೂ ಹುರದಿರತಾವಲ್ರಿ, ಅದಕ್ಕ ಗಟ್ಟಿ ವೈನ್ ಬೇಕು ಅಂತ ಇವರ ಹೇಳಿದ್ರು."

ಸೌರಭನಿಗೆ ಅರ್ಥವಾಯಿತು. ಜೋರಾಗಿ ನಕ್ಕ. "ಕಿರಣ್, ಸುಳ್ಳು ಹೇಳಬ್ಯಾಡೋ ಮಾರಾಯ. ವೈನ್ ಆರಿಸಿದಾಕಿ ವೈನಿ! ರಾಯಾಪುರದಾಗ ಡೀಲರ್ ಪಾರ್ಟಿ ಇಟ್ಟೀವಿ, ಅದಕ್ಕೂ ನೀವ ಆರಿಸಿ ಕೊಡಬೇಕು ನೋಡ್ರಿ."

ಎಲ್ಲರೂ ನಕ್ಕರು. ಬಸವಕಿರಣನೂ ನಕ್ಕ. ಆಮೇಲೆ ಮೆಲ್ಲಗೆ ಎದ್ದು, "ರಜನಿ, ಒಂದೀಟು ಒಳಗ ಬಾ. ಐಸ್ ಬೇಕಾಗೇತಿ," ಎಂದ.

ಅಡಿಗೆಮನೆಯ ಬಾಗಿಲು ಮುಚ್ಚಿದ ಕೂಡಲೇ ಅವಳ ಜಡೆ ಹಿಡಿದು ಮುಖವನ್ನು ಗ್ರ್ಯಾನೈಟ್ ಕಟ್ಟೆಗೆ ಅಪ್ಪಳಿಸಿದ. ಕೆನ್ನೆಯ ಮೂಳೆಯಲ್ಲಿ ಬಿಳಿ ಬೆಳಕು ಸಿಡಿದಂತಾಯಿತು. ಇನ್ನೊಮ್ಮೆ ಅಪ್ಪಳಿಸಿದ. ಬಾಯಿಗೆ ರಕ್ತ ಬಂತು.

"ಶಾಣ್ಯಾಕಿ ಆಗೀ? ನನ್ನ ಮುಂದ ಮಾತಾಡ್ತೀ?" ಅವನ ದನಿ ಏರಲೇ ಇಲ್ಲ.

"ತಪ್ಪು ಆಗಿಲ್ರಿ... ಸರಿ ಇತ್ತಲ್ರಿ..." ಎಂದಳು. ಅಂದ ಕೂಡಲೇ ಅವಳಿಗೆ ಹೊಳೆಯಿತು. ಸರಿ ಇದ್ದದ್ದಕ್ಕೇ ಈ ಪೆಟ್ಟು. ಇಷ್ಟು ವರ್ಷ ಹಾಕಿದ ಲೆಕ್ಕವೇ ಸುಳ್ಳು. ಆ ಕ್ಷಣ ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಕೈಗೆ ಸಿಕ್ಕ ಗ್ಲಾಸನ್ನು ಅವನ ಮುಖಕ್ಕೆ ಎಸೆದಳು. ಅದು ಕಿವಿಯ ಪಕ್ಕ ಹಾದು ಗೋಡೆಗೆ ಬಡಿದು ಚೂರಾಯಿತು. ಅವನು ಅವಳನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಎಡಗೈಯಲ್ಲಿ ಗಂಟಲು ಒತ್ತಿ, ಬಲಗೈಯಿಂದ ಪೋರ್ಟ್ ಬಾಟಲಿ ಎತ್ತಿದ.

ಗೋಡೆಯಾಚೆ ಚಮಚದ ಸಪ್ಪಳ ನಿಂತಿತ್ತು. ಯಾರೂ ಎದ್ದು ಬರಲಿಲ್ಲ.

ಹಿತ್ತಲ ಬಾಗಿಲಿನಿಂದ ಬಂದವಳು ಚನ್ನಬಸವ್ವ. ಶೇಂಗಾ ಚಟ್ನಿ ಕುಟ್ಟುವ ಕಬ್ಬಿಣದ ಒನಕೆ ಅವಳ ಎರಡೂ ಕೈಯಲ್ಲಿತ್ತು. ಮಗ ಎತ್ತಿದ ಕೈಯ ಮೇಲೆ ಅದನ್ನು ಇಳಿಸಿದಳು. ಮೊಣಕೈ ಕೆಳಗೆ ಎಲುಬು ಮುರಿದು ಕೈ ತಿರುಚಿಕೊಂಡಿತು. ಬಾಟಲಿ ಬಿದ್ದು ಒಡೆಯಿತು. ಬಸವಕಿರಣ ಚೀರುತ್ತ ಎದ್ದು ಎಡಗೈಯಿಂದ ತಾಯಿಯನ್ನು ನೂಕಿದ. ಆಕೆ ಬಾಗಿಲಿಗೆ ಆತು ನಿಂತು, ಈ ಸಲ ಮೊಣಕಾಲಿಗೆ ಬೀಸಿದಳು. ಅವನು ಗಾಜಿನ ಚೂರುಗಳ ಮೇಲೆಯೇ ಕುಸಿದ. ಅಂಗೈಯಲ್ಲಿ ಗಾಜು ಇಳಿಯಿತು. ನೆಲದಲ್ಲಿ ವೈನ್ ಯಾವುದು, ರಕ್ತ ಯಾವುದು ತಿಳಿಯುವಂತಿರಲಿಲ್ಲ.

"ಯವ್ವಾ, ನಾನು! ನಾನು ಬೇ!"

"ನೀನ ಅಂತ ಗೊತ್ತೈತಿ," ಎಂದಳು ಆಕೆ, ಏದುಸಿರು ಬಿಡುತ್ತ.

ಆಗ ಬಾಗಿಲಲ್ಲಿ ಸೌರಭ ಕಾಣಿಸಿಕೊಂಡ. ಕೈಯಲ್ಲಿ ನ್ಯಾಪ್ಕಿನ್ ಇನ್ನೂ ಇತ್ತು. ಚನ್ನಬಸವ್ವ ಅವನನ್ನು ದಿಟ್ಟಿಸಿ, "ಈಗ ಕೇಳಿಸ್ತೇನಪಾ ನಿನಗ?" ಎಂದಳು.

ಆಸ್ಪತ್ರೆಯಲ್ಲಿ ಬಸವಕಿರಣ ಮೆಟ್ಟಿಲಿನಿಂದ ಬಿದ್ದೆ ಎಂದ. "ಬಿದ್ದಿಲ್ರಿ ಡಾಕ್ಟರ, ನಾ ಹೊಡದೇನಿ," ಎಂದು ತಾಯಿ ವಾರ್ಡಿನವರೆಲ್ಲ ಕೇಳುವಂತೆ ಹೇಳಿದಳು. ಠಾಣೆಯಿಂದ ಸಬ್‌ಇನ್‌ಸ್ಪೆಕ್ಟರ್ ನಾಹಿದಾ ಬಂದಳು. ರಜನಿಯ ಕೆನ್ನೆಗೆ ಹೊಲಿಗೆ ಬಿದ್ದಿದ್ದವು, ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು.

"ನೀವು ಕೇಸ್ ಕೊಟ್ರ ಅವರೂ ನಿಮ್ಮ ಅತ್ತಿ ಮ್ಯಾಲ ಕೊಡ್ತಾರ," ಎಂದು ನಾಹಿದಾ ಮೊದಲೇ ತಿಳಿಸಿದಳು. "ವಿಚಾರ ಮಾಡಿ ಹೇಳ್ರಿ."

ರಜನಿ ಅತ್ತೆಯ ಕಡೆ ನೋಡಿದಳು. "ನನ್ನ ಚಿಂತಿ ಬಿಡು. ಎಲ್ಲಾ ಹೇಳು. ಬೆರಳಿನಿಂದ ಸುರು ಮಾಡು," ಎಂದಳು ಚನ್ನಬಸವ್ವ. ರಜನಿ ಅದಕ್ಕಿಂತ ಹಿಂದಿನಿಂದ ಶುರು ಮಾಡಿದಳು. ಹೇಳಿ ಮುಗಿಸುವಷ್ಟರಲ್ಲಿ ಸಂಜೆಯಾಯಿತು.

ನಾಹಿದಾ ಹೇಳಿದಂತೆಯೇ ಆಯಿತು. ಬಸವಕಿರಣ ತಾಯಿಯ ಮೇಲೆ ದೂರು ಕೊಟ್ಟ. ಸಮಾಜದ ಹಿರಿಯರು ಬಂದು, ಮಗನ ಕೈ ಮುರಿಯುವುದೆಂದರೇನು, ರಾಜಿ ಮಾಡಿಕೊಳ್ಳಿರಿ ಎಂದರು. ಚನ್ನಬಸವ್ವ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಮನೆ ಅವಳ ಹೆಸರಿನಲ್ಲಿತ್ತು. ಜಾಮೀನಿನ ಮೇಲೆ ಹೊರಬಂದ ಮಗನನ್ನು ಒಳಗೆ ಸೇರಿಸಲಿಲ್ಲ. ಅವನು ಗೋಪನಕೊಪ್ಪದಲ್ಲಿ ಬಾಡಿಗೆ ಮನೆ ಹಿಡಿದ.

ಒಂದು ಮಧ್ಯಾಹ್ನ ಬಟ್ಟೆಗಳಿಗಾಗಿ ಬಂದು ಗೇಟಿನಾಚೆ ನಿಂತ. ಕೈ ಇನ್ನೂ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿತ್ತು. ರಜನಿ ಗೇಟಿನವರೆಗೂ ಹೋಗಿ ಚೀಲ ಕೊಟ್ಟಳು. ಅವನು ಅವಳತ್ತ ನೋಡಲೇ ಇಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ತಾಯಿಯನ್ನೇ ನೋಡುತ್ತ, "ನಾ ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ ಬೇ," ಎಂದ.

"ಹೌದು. ಅದಕ್ಕ ನಾನ ಹೊಡದೆ," ಎಂದಳು ಚನ್ನಬಸವ್ವ.

ಅವನು ಹೋದ ಮೇಲೆ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ರಜನಿ ಪಕ್ಕದಲ್ಲಿ ಕೂತಳು.

ಬೇಸಿಗೆಯಲ್ಲಿ ಸೌರಭನ ಫೋನ್ ಬಂತು. ಕುಶಲ ಕೇಳಿ, ಅದೂ ಇದೂ ಮಾತಾಡಿ, ತಂಗಿಯ ನಿಶ್ಚಯದ ಊಟವಿದೆ, ಪಾಯಸಕ್ಕೆ ಯಾವ ವೈನ್ ಇಡಬೇಕೆಂದು ಕೇಳಿದ.

"ಅವತ್ತ ನಿಮಗ ಎಲ್ಲಾ ಕೇಳಿಸಿತ್ತು, ಹೌದಲ್ರಿ?" ಎಂದಳು ರಜನಿ.

ಅವನು ದನಿ ತಗ್ಗಿಸಿ, "ಕೇಳಿಸಿತ್ರಿ," ಎಂದ.

"ಹಂಗಾರ ಕೋರ್ಟಿಗೆ ಬಂದು ಅದನ್ನ ಹೇಳ್ರಿ. ವೈನಿನ ಮಾತು ಆಮ್ಯಾಲ ಆಡೂಣು."

ಸೌರಭ ಕೋರ್ಟಿನ ತಾರೀಖು ಯಾವಾಗ ಎಂದು ಕೇಳಿದ. ರಜನಿ ಹೇಳಿದಳು.