ಮೊಳೆಗೆ ತೂಗಿದ ಲಿಂಗ

ಚೀನಾದಿಂದ ಬಂದ ಮೇಲೆ ಕೊಟ್ಟೂರಿನಲ್ಲಿ ಒಬ್ಬರೂ ನನ್ನನ್ನು ಅಲ್ಲಿಯ ಭಾಷೆಯ ಬಗ್ಗೆ ಕೇಳಲಿಲ್ಲ. ಕೇಳಿದ್ದೆಲ್ಲ ಹೊಟ್ಟೆಯ ಬಗ್ಗೆ. ಹಾವು ತಿಂದೆಯಾ, ಕಪ್ಪೆ ತಿಂದೆಯಾ, ಜಿರಳೆ ಹುರಿದು ಕೊಡುತ್ತಾರಂತಲ್ಲ, ಹೌದಾ? ಎರಡು ತಿಂಗಳು ಒಂದೇ ಶಬ್ದವನ್ನು ಏರಿಸಿ ಇಳಿಸಿ ಗಂಟಲು ಕಟ್ಟಿಸಿಕೊಂಡವಳು, ಗೆರೆ ಮೇಲೆ ಗೆರೆ ಎಳೆದು ಅಕ್ಷರ ತಿದ್ದಿ ಬೆರಳಿಗೆ ಗಂಟು ಬರಿಸಿಕೊಂಡವಳು ನಾನು. ಅದು ಯಾರಿಗೂ ಬೇಡ. ಮೊದಮೊದಲು ನಗುತ್ತ ಉತ್ತರ ಕೊಟ್ಟೆ. ಆಮೇಲೆ ನಗು ಬರಲಿಲ್ಲ.

ಅದು ಎರಡು ಸಾವಿರದ ಆರನೆಯ ಇಸವಿ. ಅದಿರಿನ ಲಾರಿಗಳು ರಸ್ತೆ ಸವೆಸುತ್ತಿದ್ದ ಕಾಲ. ಹೊಸಪೇಟೆಯ ಒಂದು ಅದಿರು ಕಂಪನಿಯಲ್ಲಿ ನಾನೂ ಹಗರಿಬೊಮ್ಮನಹಳ್ಳಿಯ ಗುರುಬಸವರಾಜನೂ ಕೆಲಸಕ್ಕಿದ್ದೆವು. ಕೊಳ್ಳಲು ಬರುವವರು ಚೀನಾದವರು. ಅವರೇ ಕರೆತಂದ ದುಭಾಷಿ ಅವರ ಪರವಾಗಿಯೇ ಮಾತಾಡುತ್ತಾನೆ ಎಂದು ಮಾಲೀಕರಿಗೆ ಸಂಶಯ. ನಮ್ಮವರೇ ಇಬ್ಬರು ಕಲಿತು ಬರಲಿ ಎಂದು ನಮ್ಮನ್ನು ಕುನ್ಮಿಂಗ್ ನಗರದ ಒಂದು ಕಾಲೇಜಿಗೆ ಬೇಸಿಗೆಯ ಕೋರ್ಸಿಗೆ ಕಳಿಸಿದರು. ಗುರುಬಸವರಾಜನಿಗೂ ನನಗೂ ಆಗಲೇ ನಿಶ್ಚಿತಾರ್ಥವಾಗಿತ್ತು. ಜೋಡಿ ಇರುವ ಹುಡುಗನೇ ನಾಳಿನ ಗಂಡ ಎಂಬ ಧೈರ್ಯದ ಮೇಲೆ ನಮ್ಮಪ್ಪ ಹೂಂ ಅಂದದ್ದು. ಆ ಹುಡುಗನ ಧೈರ್ಯ ಎಷ್ಟಿತ್ತೆಂದು ಆಗ ಯಾರಿಗೆ ಗೊತ್ತಿತ್ತು?

ಹೊರಡುವ ದಿನ ಬೆಂಗಳೂರಿನ ಬಸ್ಸಿನಲ್ಲಿ ಅವನ ಅಂಗಿಯ ಗುಂಡಿ ಬಿಚ್ಚಿತ್ತು. ಎದೆ ಖಾಲಿ.

"ಲಿಂಗ ಎಲ್ರಿ?" ಅಂದೆ.

"ಮನ್ಯಾಗ ಮೊಳಿಗೆ ಹಾಕಿ ಬಂದೀನಿ. ವಿಮಾನದಾಗ ಬಿಚ್ಚು ಅಂತಾರ, ತೋರಸು ಅಂತಾರ. ಯಾಕ ಬೇಕು ಆ ಕಿರಿಕಿರಿ?"

ನನ್ನ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ ನನ್ನ ಕೊರಳಲ್ಲೇ ಇತ್ತು. ಬಿಚ್ಚು ಅಂದರು, ಬಿಚ್ಚಿ ತೋರಿಸಿದೆ, ಮತ್ತೆ ಕಟ್ಟಿಕೊಂಡೆ. ಅಷ್ಟೇ. ಅದರಿಂದ ಯಾವ ವಿಮಾನವೂ ನಿಲ್ಲಲಿಲ್ಲ.

ಕುನ್ಮಿಂಗಿನಲ್ಲಿ ನನಗೆ ಕಷ್ಟವಾದದ್ದು ಭಾಷೆಯಲ್ಲ, ಊಟ. ಮಾಂಸ ತಿನ್ನುವುದಿಲ್ಲ ಎಂದು ಹೇಳಲು ಮೊದಲ ವಾರವೇ ಕಲಿತೆ. ಹೇಳಿದರೆ ಅಡುಗೆಮನೆಯವರು ತುಂಡುಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ನಗುನಗುತ್ತ ಬಡಿಸುತ್ತಿದ್ದರು. ಬೆಳಗಿನ ಪೂಜೆ ಮುಗಿಸಿ ಬರೀ ಬಿಳಿ ಅನ್ನ, ಬಾಳೆಹಣ್ಣು ತಿಂದು ತರಗತಿಗೆ ಹೋಗುತ್ತಿದ್ದೆ. ಇದನ್ನು ಕಂಡದ್ದು ಲೀ ಎಂಬ ಅಡುಗೆಯಾಕೆ. ಒಂದು ದಿನ ನನ್ನನ್ನು ಒಳಗೆ ಕರೆದು, ಯಾಕೆ ಹೀಗೆ ಎಂದು ಕೇಳಿದಳು. ನಾನು ಕರಡಿಗೆ ತೆರೆದು ಲಿಂಗ ತೋರಿಸಿದೆ. ನನ್ನ ದೇವರು ನನ್ನ ಮೈಮೇಲೇ ಇದ್ದಾನೆ, ನಾನು ತಿಂದದ್ದು ಅವನಿಗೂ ಮುಟ್ಟುತ್ತದೆ ಎಂದು ನನ್ನ ಹರಕು ಚೀನಿಯಲ್ಲಿ ಹೇಳಿದೆ. ಅವಳು ಸೆರಗಿಲ್ಲದಿದ್ದರೂ ಸೆರಗು ಹೊದ್ದವಳ ಹಾಗೆ ಕೈ ಎದೆಗಿಟ್ಟುಕೊಂಡಳು. ಅವಳ ತಾಯಿ ಅಮಾವಾಸ್ಯೆ ಹುಣ್ಣಿಮೆಗೆ ಮಾಂಸ ಮುಟ್ಟುತ್ತಿರಲಿಲ್ಲವಂತೆ. ಮರುದಿನದಿಂದ ನನಗೆಂದೇ ಹೊಸ ಬಾಣಲೆ, ಬೇರೆ ಸೌಟು, ಬೇರೆ ಎಣ್ಣೆ. ನನ್ನ ಬಾಣಲೆಗೆ ಬೇರೆಯವರು ಕೈ ಹಾಕಿದರೆ ಅವಳು ಬೈಯುತ್ತಿದ್ದ ಬೈಗುಳ ಯಾವ ಪುಸ್ತಕದಲ್ಲೂ ಇರಲಿಲ್ಲ.

ಗುರುಬಸವರಾಜ ನನ್ನೆದುರಿಗೇ ಕೂತು ಉಣ್ಣುತ್ತಿದ್ದ. ಕೋಳಿ, ಹಂದಿ, ಏಡಿ, ಬಂದದ್ದಕ್ಕೆ ಬೇಡವೆನ್ನಲಿಲ್ಲ. ತಿನ್ನಲಿ, ಅದು ಅವನ ನಾಲಿಗೆ. ನಾನು ಒಂದು ಮಾತೂ ಆಡಲಿಲ್ಲ, ಊರಿಗೆ ಬಂದು ಯಾರ ಕಿವಿಗೂ ಹಾಕಲಿಲ್ಲ.

ಬಂದು ಹದಿನೈದು ದಿನವೂ ಆಗಿರಲಿಲ್ಲ. ಅವನ ತಾಯಿ ಕೊಟ್ರಮ್ಮ, ಎರಡೂ ಮನೆಗೆ ಬೇಕಾದ ಅಯ್ಯನವರು ವೀರಭದ್ರಯ್ಯ, ಜೊತೆಗೆ ಇವನು, ಮೂವರೂ ನಮ್ಮ ಮನೆಗೆ ಬಂದರು. ಮದುವೆಯ ದಿನ ನೋಡಲು ಬಂದರೆಂದು ನಮ್ಮವ್ವ ಹೋಳಿಗೆಗೆ ಕಣಕ ನಾದಿಟ್ಟಿದ್ದಳು.

"ಲಗ್ನಕ್ಕಿಂತ ಮೊದ್ಲು ಒಂದು ಕೆಲಸ ಆಗ್ಬೇಕ್ರಿ" ಅಂದರು ಕೊಟ್ರಮ್ಮ. "ಹುಡುಗಿಗೆ ಹೊಸದಾಗಿ ಲಿಂಗದೀಕ್ಷೆ ಕೊಡಸ್ರಿ. ಆ ಲಿಂಗ ತಗದು ಹೊಳಿಗೆ ಬಿಡ್ರಿ. ನಾಕ್ ಮಂದಿ ಎದುರಿಗೆ, ತಪ್ಪಾಗೇತಿ ಅಂತ ಅಯ್ಯಾರ ಪಾದ ಮುಟ್ಟಿ ಹೇಳಿಬಿಟ್ರ ಮುಗೀತು."

"ಏನು ತಪ್ಪು?" ಅಂದೆ ನಾನು.

"ಅಲ್ಲಿ ಏನೇನು ತಿಂದಿಯೋ ಯಾರಿಗ್ಗೊತ್ತವ್ವ?"

"ನಾನು ಏನೂ ತಿಂದಿಲ್ಲ. ನನ್ನ ಸಲುವಾಗಿ ಬ್ಯಾರೆ ಬಾಣಲಿ ಇಟ್ಟಿದ್ರು."

"ಎಲ್ಲಾರೂ ಹಂಗ ಅಂತಾರ."

ಒಂದು ಮೂಲೆಯಲ್ಲಿ ಕೂತಿದ್ದ ನಮ್ಮಜ್ಜಿ ಶಿವಬಸಮ್ಮ ಕತ್ತು ಎತ್ತಿದಳು. "ಹಂಗಾರ ನಿಮ್ಮ ಮಗಗೂ ದೀಕ್ಷೆ ಐತೇನ್ರಿ? ಅವನೂ ಹೋಗಿದ್ದನಲ್ಲ?"

ವೀರಭದ್ರಯ್ಯನವರು ಈ ಪ್ರಶ್ನೆಗೆ ಕಾಯುತ್ತಿದ್ದವರಂತೆ ನಕ್ಕರು. "ಹುಡುಗಂದು ಬ್ಯಾರೆ ಮಾತು, ಶಿವಬಸಮ್ಮ. ಹುಡುಗನ ಲಿಂಗ ಊರಾಗ, ಮನ್ಯಾಗ, ದೇವರ ಕ್ವಾಣ್ಯಾಗ ಇತ್ತು. ಅದಕ್ಕ ಮೈಲಿಗಿ ತಗಲಿಲ್ಲ. ಮೈ ತೊಳಕೊಂಡು ಕಟ್ಟಿಗ್ಯಂಡ. ಇಕಿ ಲಿಂಗ ಆ ದೇಶ ಎಲ್ಲಾ ತಿರುಗಿ ಬಂದೈತಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ದೇವರನ್ನು ಮೊಳೆಗೆ ತೂಗುಹಾಕಿ ಹೋದವನು ಶುದ್ಧ. ದೇವರನ್ನು ಎದೆಗೆ ಕಟ್ಟಿಕೊಂಡು ಅನ್ನ ಬಾಳೆಹಣ್ಣಿನಲ್ಲಿ ದಿನ ನೂಕಿದವಳು ಮೈಲಿಗೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯಾದರೂ ಒರೆಸುವ ಕೆಲಸವನ್ನು ತಾನೇ ಮಾಡಿತ್ತು. ಇವನು ಒರೆಸಲು ಅವ್ವನನ್ನೂ ಅಯ್ಯನನ್ನೂ ಕರೆದುಕೊಂಡು ಬಂದಿದ್ದ.

"ಲಿಂಗ ಇದ್ದ ಮೈಗೆ ಸೂತಕ ಇಲ್ಲ ಅಂತ ನೀವ ಹೇಳ್ತಿದ್ರಿ" ಅಂದಳು ಅಜ್ಜಿ.

"ಶಾಸ್ತ್ರ ಹೆಣ್ಮಕ್ಕಳಿಗೆ ತಿಳಿಯಂಗಿಲ್ಲ" ಅಂದರು ಅಯ್ಯನವರು.

ನಮ್ಮಪ್ಪ ನೆಲ ನೋಡುತ್ತಿದ್ದ. "ಒಂದ್ ದಿನದ ಮಾತು ಅಮೃತಾ. ಮುಗಿಸಿಬಿಡೋಣ" ಅಂದ. ಒಂದು ದಿನದ ಮಾತಲ್ಲ ಅದು. ಒಮ್ಮೆ ಪಾದ ಮುಟ್ಟಿ ತಪ್ಪಾಯಿತು ಅಂದರೆ ನಾನು ಸಾಯುವವರೆಗೆ ಹಾವು ತಿಂದ ಸೊಸೆ. ನನ್ನ ಮಾತು ಸುಳ್ಳೆಂದು ನಾನೇ ಮುದ್ರೆ ಒತ್ತಿಕೊಟ್ಟಂತೆ. ಆಡುವ ಮಾತೇ ಅನ್ನವಾದ ದುಭಾಷಿ ನಾನು.

ಸತ್ಯ ಗೊತ್ತಿದ್ದವನು ಆ ಮನೆಯಲ್ಲಿ ಒಬ್ಬನೇ ಇದ್ದ. ಗುರುಬಸವರಾಜ ಚಾಪೆಯ ಅಂಚಿನ ಎಳೆ ಬಿಡಿಸುತ್ತ ಕೂತಿದ್ದ. ನಾನು ಅವನ ಕಡೆ ತಿರುಗಿ, ಚೀನಿಯಲ್ಲಿ, ಪಾಠ ಒಪ್ಪಿಸುವಂತೆ ಬಿಡಿಬಿಡಿಯಾಗಿ ಕೇಳಿದೆ: "ನಾನು ಅಲ್ಲಿ ಮಾಂಸ ತಿಂದೆನೇ?"

ಅವನು ಬೆಚ್ಚಿ ತಲೆ ಎತ್ತಿದ. ಸುತ್ತ ನೋಡಿದ. ಯಾರಿಗೂ ತಿಳಿಯುವುದಿಲ್ಲ ಎಂಬುದು ಅರ್ಥವಾದದ್ದೇ ಮುಖ ಸಡಿಲಾಯಿತು. ಚೀನಿಯಲ್ಲೇ ಹೇಳಿದ: "ನೀನು ತಿನ್ನಲಿಲ್ಲ. ನೀನು ಅನ್ನ ತಿಂದೆ, ಸೊಪ್ಪು ತಿಂದೆ. ಮಾಂಸ ತಿಂದದ್ದು ನಾನು. ನನಗೆ ಗೊತ್ತು. ಕ್ಷಮಿಸು."

ಉಚ್ಚಾರ ಒಂದೂ ತಪ್ಪಿರಲಿಲ್ಲ. ಕುನ್ಮಿಂಗಿನಲ್ಲಿ ನಮಗೆ ಕಲಿಸಿದ ಮೇಡಂ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ನನ್ನ ಎದೆಯ ಭಾರ ಒಂದು ಕ್ಷಣ ಇಳಿಯಿತು, ಸುಳ್ಳು ಹೇಳಲಾರೆ.

"ಇದನ್ನ ಕನ್ನಡದಾಗ ಹೇಳ್ರಿ" ಅಂದೆ.

ಅವನು ಮತ್ತೆ ಚಾಪೆಗೆ ಕೈ ಹಾಕಿದ.

"ಏನಂದಿಲೇ?" ಅಂದರು ಕೊಟ್ರಮ್ಮ.

"ಏನಿಲ್ಲವ್ವ. ಅಲ್ಲಿ ಊಟ ಹೆಂಗಿತ್ತು ಅಂತ ಕೇಳಿದ್ಲು. ನನಗ ನೆನಪಿಲ್ಲ ಅಂದೆ."

ಆಗ ನಾನೇ ಅನುವಾದಿಸಿದೆ, ಅವನ ಒಂದು ಶಬ್ದವನ್ನೂ ಬಿಡದೆ, ಕ್ಷಮಿಸು ಎಂದದ್ದನ್ನೂ ಸೇರಿಸಿ. ಕೊಟ್ರಮ್ಮ ಮಗನ ಮುಖ ನೋಡಿದರು. ಅವನು ಅಲ್ಲಗಳೆಯುವಂತೆ ತಲೆ ಆಡಿಸಿದ.

"ಕೇಳಿದಿರಲ್ಲ" ಅಂದರು ಆಕೆ. "ತಾನೇ ತಿಂದು ನನ್ನ ಮಗನ ಮ್ಯಾಲ ಹಾಕ್ತಾಳ. ಕೊಡವ್ವ ಲಿಂಗ, ಅಯ್ಯಾರು ಕಾಯ್ತಾರ."

ವೀರಭದ್ರಯ್ಯನವರು ಕೈ ಚಾಚಿದರು. ಇನ್ನು ಮೇಲೆ ಕೋಟಿಗಟ್ಟಲೆಯ ಅದಿರು ನನ್ನ ಅನುವಾದವನ್ನು ನಂಬಿ ಹಡಗು ಹತ್ತಲಿತ್ತು. ನಾನು ಹುಟ್ಟಿದ ಮನೆಯ ಪಡಸಾಲೆಯಲ್ಲಿ ಅದಕ್ಕೆ ಬೆಲೆ ಇರಲಿಲ್ಲ. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಎದ್ದು ನಿಂತೆ. ಕರಡಿಗೆಯನ್ನು ಕುಪ್ಪಸದೊಳಕ್ಕೆ ಸರಿಸಿಕೊಂಡೆ. ಬೆರಳಿನ ಉಂಗುರ ತೆಗೆದು ಗುರುಬಸವರಾಜನ ಮುಂದೆ ಚಾಪೆಯ ಮೇಲಿಟ್ಟೆ.

"ನೋಡ್ರಿ. ನಿಮ್ಮ ಬಾಯಾಗ ಖರೇ ಬರ್ಬೇಕಂದ್ರ ನಾನು ಚೀನಾದಾಗ ಸಂಸಾರ ಮಾಡ್ಬೇಕು. ನಾನು ಇರೋದು ಕೊಟ್ಟೂರಾಗ. ನಿಮ್ಮ ಸಂಬಂಧ ನನಗ ಬ್ಯಾಡ."

ಅವ್ವ ಒಳಗಿನಿಂದ ಬಂದವಳು ಬಾಗಿಲಲ್ಲೇ ನಿಂತಳು, ಕೈಯ ಕಣಕ ಹಾಗೇ ಇತ್ತು. ಅಪ್ಪ ಬೈಯಲಿಲ್ಲ, ತಡೆಯಲೂ ಇಲ್ಲ. ಅಜ್ಜಿ ಮಾತ್ರ ಗೋಡೆ ಹಿಡಿದು ಎದ್ದು ಬಂದು ನನ್ನ ಪಕ್ಕ ನಿಂತಳು.

ಕೊಟ್ರಮ್ಮ ಉಂಗುರ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಗನ ಕಡೆ ತಿರುಗಿದರು.

"ಏನಂದ್ಲಲೇ ಅಕಿ?"

ನಾನು ಹೇಳಿದ್ದು ಕನ್ನಡದಲ್ಲೇ ಇತ್ತು.