ಕಂಪ್ಯೂಟರಿನಲ್ಲಿ ಮನೆ ಸೇರಿದವರು

ಬೆಳಿಗ್ಗೆ ಡಾಕ್ಟರು ಬಂದು, "ಇನ್ನು ಮನೆಗೆ ಹೊರಡಿ ಯಜಮಾನರೇ" ಎಂದು ಗಂಡನ ಬೆನ್ನು ತಟ್ಟಿದಾಗಲೇ ಅವಳು ಗಂಟುಮೂಟೆ ಕಟ್ಟಿದ್ದಳು. ಮಧ್ಯಾಹ್ನವಾದರೂ ಬಿಲ್ ಕೌಂಟರಿನಿಂದ ಗೇಟ್‌ಪಾಸ್ ಬರಲಿಲ್ಲ, ಊಟದ ತಟ್ಟೆಯೂ ಬರಲಿಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಪಕ್ಕದ ಮಂಚದ ಹೆಂಗಸು ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಅವನ ಕೈಗಿಟ್ಟಳು.

ಅವಳು ಕೌಂಟರಿಗೆ ಇಳಿದುಹೋದಳು. ಗಾಜಿನ ಹಿಂದೆ ಕೂತ ಗುಮಾಸ್ತನ ಅಂಗಿಗೂ ಇಸ್ತ್ರಿ, ಮುಖಕ್ಕೂ ಇಸ್ತ್ರಿ.

"ವಿಮೆ ಕಂಪನಿಗೆ ಬಿಲ್ ಕಳಿಸಿದ್ದೀನಮ್ಮ. ಒಪ್ಪಿಗೆ ಬರಬೇಕು."

"ಯಾವಾಗ ಬರುತ್ತಪ್ಪ?"

"ಅದು ಕಂಪ್ಯೂಟರಿಗೂ ಕಂಪ್ಯೂಟರಿಗೂ ನಡೆಯೋ ವ್ಯವಹಾರ. ಮಧ್ಯೆ ನಾವು ಬಾಯಿ ಹಾಕೋ ಹಾಗಿಲ್ಲ."

"ಊಟನೂ ಬಂದಿಲ್ಲವಲ್ಲ?"

"ಬರಲ್ಲ. ರೋಗಿ ಮನೆಗೆ ಹೋದರು ಅಂತ ಕಂಪ್ಯೂಟರಿಗೆ ಹಾಕಿದರೇನೇ ಬಿಲ್ ಆಚೆ ಹೋಗೋದು. ಬೆಳಿಗ್ಗೆನೇ ಹಾಕಿದ್ದೀನಿ. ಮನೆಗೆ ಹೋದವರಿಗೆ ಅಡುಗೆಯವರು ಊಟ ಹೇಗೆ ಕಳಿಸ್ತಾರೆ?"

"ಅವರು ಮೇಲೆ ಮಂಚದಲ್ಲಿ ಕೂತಿದ್ದಾರಲ್ಲಪ್ಪ."

"ಸಿಸ್ಟಮ್‌ನಲ್ಲಿ ಇಲ್ಲ."

"ಹಾಗಾದರೆ ಕರಕೊಂಡು ಹೋಗ್ತೀನಿ."

"ಒಪ್ಪಿಗೆ ಬರದೆ ಪಾಸ್ ಕೊಡಕ್ಕಾಗಲ್ಲಮ್ಮ."

ಇಷ್ಟು ಹೇಳುವಾಗಲೂ ಅವನು ಕಂಪ್ಯೂಟರಿನ ತೆರೆಯಿಂದ ಕಣ್ಣು ಕೀಳಲಿಲ್ಲ. ಓದಿ ಬರೆದವರೆಲ್ಲ ಸೇರಿ ಇಂಥದ್ದೊಂದು ಪೆದ್ದು ಪೆಟ್ಟಿಗೆ ಮಾಡಿ, ಅದರೆದುರು ಕೈಕಟ್ಟಿ ಕೂತಿದ್ದಾರಲ್ಲ. ಮಹಡಿ ಹತ್ತಿ ಕಣ್ಣಾರೆ ನೋಡಿ ಬರೋಣ ಎನ್ನುವಷ್ಟು ಬುದ್ಧಿ ಒಬ್ಬನಿಗೂ ಬೇಡವೇ? ಬೈಯೋಣವೆಂದರೆ, ಬೈಗುಳಕ್ಕೂ ಒಂದು ಯೋಗ್ಯತೆ ಬೇಕು. ಅವಳು ಮಹಡಿ ಹತ್ತಿ ಗಂಡನನ್ನು ಹೊರಡಿಸಿದಳು.

ನರ್ಸಮ್ಮ ಪಾಸ್ ಕೇಳದೆ ಗಾಲಿಕುರ್ಚಿ ತಂದುಕೊಟ್ಟಳು. ಗಂಡನ ಕಾಲಿಗೆ ಚಪ್ಪಲಿಯನ್ನೂ ತಾನೇ ಬಗ್ಗಿ ತೊಡಿಸಿದಳು.

ಬಾಗಿಲಲ್ಲಿ ಕಾವಲುಗಾರ ತಡೆದ. "ಪಾಸ್ ಎಲ್ಲಮ್ಮ?"

"ಇವರು ಬೆಳಿಗ್ಗೆನೇ ಮನೆಗೆ ಹೋದರಂತೆ ಕಣಪ್ಪ. ಬೇಕಾದರೆ ಕೌಂಟರಿನಲ್ಲಿ ಕೇಳು."

ಅವನು ಗಂಡನ ಕೈಪಟ್ಟಿಯ ನಂಬರು ನೋಡಿ ಫೋನ್ ಮಾಡಿದ. "ಸಾರ್, ಈ ರೋಗಿ... ಬೆಳಿಗ್ಗೆನೇ ಹೋದರಾ? ಖಾತ್ರಿನಾ ಸಾರ್? ಸರಿ, ಸರಿ." ಫೋನಿಟ್ಟು, ಕುರ್ಚಿಯಲ್ಲಿದ್ದವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನಗು ತಡೆದುಕೊಂಡಿದ್ದರಿಂದ ಮೀಸೆ ಅಲುಗಿತು.

"ಆಗಲೇ ಮನೆ ಸೇರಿದ್ದೀರಂತೆ ಯಜಮಾನರೇ. ನಿಮ್ಮನ್ನ ತಡೆಯೋಕೆ ನಾನ್ಯಾರು?"

ಇಳಿಜಾರಿನಲ್ಲಿ ಕುರ್ಚಿ ಕುಲುಕದಂತೆ ತಾನೇ ಹಿಡಿದು ಇಳಿಸಿ, ಆಟೋ ಹತ್ತಿಸಿದ.

ಆಟೋ ರಸ್ತೆಗೆ ತಿರುಗಿದ ಮೇಲೆ ಗಂಡ ಬಾಯಿಬಿಟ್ಟ. "ಮನೇಲಿ ಊಟಕ್ಕೇನಿದೆ?"

"ಬೆಳಿಗ್ಗೆನೇ ಹೋದವರು ನೀವು. ನನ್ನನ್ನು ಕೇಳ್ತೀರಲ್ಲ."